ಪುಸ್ತಕ ಕೊಡುವ ಕೈ ಚಿತ್ರವನ್ನೂ ತೋರಲಿ

ಸಿನಿಮಾ ಇರುವಲ್ಲಿಗೆ ಜನ ನಡೆದುಹೋಗುತ್ತಿದ್ದ ಕಾಲವೊಂದಿತ್ತು. ಈಗ ಸಿನಿಮಾವೇ ಜನರ ಅಂಗೈಗೆ ಬಂದು ಕುಳಿತಿದೆ. ಮರವಂತೆಯನ್ನು ದಾಟಿ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ಕಿರಿಮಂಜೇಶ್ವರ. ಅಗಸ್ತ್ಯೇಶ್ವರನ ಗುಡಿಯುಳ್ಳ, ಪಡುವಣ ಕಡಲಿಗೆ ಮೈಯೊಡ್ಡಿ ನಿಂತ ಈ ಊರಿನಲ್ಲಿಯೂ ಸಂಜೆಯ ದೀಪ ಹೊತ್ತಿದ ಮೇಲೆ ಮೊಬೈಲಿನ ಬೆಳಕು ಹೊತ್ತದ ಮನೆ ಅಪರೂಪ. ಸಾವಿರಾರು ಚಿತ್ರಗಳು ಕಾದಿರುತ್ತವೆ. ಆದರೆ ಯಾವುದನ್ನು ನೋಡಬೇಕೆಂದು ಹುಡುಕುವುದರಲ್ಲಿಯೇ ಅರ್ಧ ಇರುಳು ಕಳೆಯುತ್ತದೆ. ಹುಡುಕಿ ಹುಡುಕಿ ಬೇಸತ್ತವರು ಕಡೆಗೆ ಹಿಂದೆ ಹತ್ತು ಸಲ ನೋಡಿದ ಹೊಡೆದಾಟವನ್ನೇ ಇನ್ನೊಮ್ಮೆ ನೋಡಿ ಮಲಗುತ್ತಾರೆ.

ಆರಿಸಿಕೊಡುವ ಯಂತ್ರವೇನೋ ಉಂಟು. ಆದರೆ ಆ ಯಂತ್ರದ ಬುದ್ಧಿ ಎಂಥದು? ನಿನ್ನೆ ಉಂಡದ್ದನ್ನು ನೋಡಿಕೊಂಡು ಇಂದೂ ಅದನ್ನೇ ಬಡಿಸುವ ಅಡುಗೆಯವನ ಬುದ್ಧಿ ಅದು. ಉಣ್ಣುವವನ ಆರೋಗ್ಯದ ಯೋಚನೆ ಅದಕ್ಕಿಲ್ಲ. ಎಲೆಯ ಮುಂದಿನಿಂದ ಅವನು ಏಳದಿದ್ದರೆ ಅದಕ್ಕೆ ಸಾಕು.

ಕುಂದಾಪುರದ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿಯೊಂದು ಹಳೆಯ ಕಾಲದಿಂದಲೂ ಗೊತ್ತು. ಯಕ್ಷಗಾನದ ಆಟಕ್ಕೆ ಹೊರಡುವ ಮುನ್ನ ಅವರು ತಿಳಿದವರೊಬ್ಬರನ್ನು ಕೇಳುತ್ತಾರೆ: ಇಂದಿನ ಪ್ರಸಂಗ ಯಾವುದು, ಭಾಗವತರು ಯಾರು, ಎರಡನೆಯ ವೇಷ ಯಾರದು? ಕೇಳಿಸಿಕೊಂಡವರು ಮೇಳವನ್ನೂ ಬಲ್ಲವರು, ಕೇಳಿದವರ ರುಚಿಯನ್ನೂ ಬಲ್ಲವರು. “ನೀವ್ ಇದನ್ನ್ ಕಾಂಬುಕೇ ಬೇಕ್” ಎಂದು ಅವರು ಹೇಳಿದರೆ ಆ ಮಾತಿಗೆ ಬೆಲೆಯುಂಟು. ಹಾಗಾದರೆ “ಹ್ವಾಯ್, ಒಂದ್ ಒಳ್ಳೆ ಪಿಚ್ಚರ್ ಇದ್ರೆ ಹೇಳಿ ಕಾಂಬ” ಎಂದು ಇಂದು ಕೇಳಬೇಕಾದರೆ ಯಾರನ್ನು ಕೇಳಬೇಕು? ಕೆಲವು ದೇಶಗಳಲ್ಲಿ ಈ ಪ್ರಶ್ನೆಗೆ ಸರಳವಾದ ಉತ್ತರವಿದೆ: ಊರಿನ ಗ್ರಂಥಪಾಲರನ್ನು.

ಹೊರನಾಡಿನ ವಾಡಿಕೆ

ಅಮೆರಿಕ, ಆಸ್ಟ್ರೇಲಿಯ ಮೊದಲಾದ ನಾಡುಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಇದ್ದವರು ಪುಸ್ತಕವನ್ನು ಎರವಲು ತರುವಂತೆಯೇ ಚಲಚ್ಚಿತ್ರವನ್ನೂ ಎರವಲು ಪಡೆಯುತ್ತಾರೆ; ಅದಕ್ಕಾಗಿ ಮನೆ ಬಿಟ್ಟು ಏಳಬೇಕಾಗಿಯೂ ಇಲ್ಲ. 2008ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ‘ಕನೋಪಿ’, 2013ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಹೂಪ್ಲಾ’ ಎಂಬ ಏರ್ಪಾಡುಗಳು ಗ್ರಂಥಾಲಯಗಳೊಡನೆ ಒಪ್ಪಂದ ಮಾಡಿಕೊಂಡಿವೆ. ಕಾರ್ಡಿನ ಸಂಖ್ಯೆಯನ್ನು ಕೊಟ್ಟರೆ ಸಾಕು, ಚಿತ್ರ ತೆರೆಯ ಮೇಲೆ ಹರಿದುಬರುತ್ತದೆ. ನೋಡುವವರು ಚಂದಾ ಕಟ್ಟಬೇಕಾಗಿಲ್ಲ. ತಿಂಗಳಿಗೆ ಇಷ್ಟೇ ಎಂಬ ಮಿತಿ ಮಾತ್ರ ಇರುತ್ತದೆ.

ಅಲ್ಲಿನ ಗ್ರಂಥಪಾಲರು ಬಾಗಿಲು ತೆರೆದು ಸುಮ್ಮನೆ ಕೂರುವುದಿಲ್ಲ. ಇಂಥ ಕಾದಂಬರಿಯನ್ನು ಮೆಚ್ಚಿದವರು ಈ ಚಿತ್ರವನ್ನು ನೋಡಲಿ. ಮಕ್ಕಳೊಡನೆ ಕುಳಿತು ನೋಡುವುದಾದರೆ ಇದು. ಮಳೆಗಾಲದ ರಜೆಯ ದಿನಕ್ಕೆ ಇದು. ಹಳೆಯ ಚಿತ್ರವೆಂದು ಹೆದರುವವರು ಮೊದಲು ಇದರಿಂದ ಆರಂಭಿಸಲಿ — ಹೀಗೆ ಪಟ್ಟಿ ಮಾಡಿ, ಎರಡೆರಡು ವಾಕ್ಯದ ಕಾರಣವನ್ನೂ ಬರೆದಿಡುತ್ತಾರೆ. ಆ ಎರಡು ವಾಕ್ಯದಲ್ಲಿಯೇ ಎಲ್ಲ ಸ್ವಾರಸ್ಯವೂ ಇರುವುದು. ಅದು ಮಾರುವವನ ಮಾತಲ್ಲವೆಂದು ಓದಿದವರಿಗೆ ಗೊತ್ತಿರುತ್ತದೆ. ಚಿತ್ರ ಓಡಿದರೂ ಓಡದಿದ್ದರೂ ಗ್ರಂಥಪಾಲನಿಗೆ ಅದರಿಂದ ಬರುವ ಲಾಭವೇನೂ ಇಲ್ಲ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲುಂಟು. ಇಂಥ ಏರ್ಪಾಡಿನಲ್ಲಿ ಜನ ನೋಡಿದಷ್ಟೂ ಗ್ರಂಥಾಲಯದ ಖರ್ಚು ಏರುತ್ತದೆ. ಪುಸ್ತಕವನ್ನಾದರೆ ಒಮ್ಮೆ ಕೊಂಡು ನೂರು ಜನರಿಗೆ ಓದಲು ಕೊಡಬಹುದು. ಚಿತ್ರಕ್ಕೆ ನೋಡಿದಷ್ಟು ಸಲವೂ ಹಣ ತೆರಬೇಕಾಗುತ್ತದೆ. 2019ರ ಜುಲೈಯಲ್ಲಿ ನ್ಯೂಯಾರ್ಕ್, ಬ್ರೂಕ್ಲಿನ್, ಕ್ವೀನ್ಸ್ ಎಂಬ ಮೂರು ದೊಡ್ಡ ಗ್ರಂಥಾಲಯ ವ್ಯವಸ್ಥೆಗಳು ಈ ಭಾರವನ್ನು ಹೊರಲಾರದೆ ಕನೋಪಿಯ ನಂಟನ್ನು ಕಡಿದುಕೊಂಡವು. ಜನ ಹೆಚ್ಚಾಗಿ ಮೆಚ್ಚಿದ್ದೇ ಸೇವೆ ನಿಲ್ಲುವುದಕ್ಕೆ ಕಾರಣವಾದದ್ದು ವಿಚಿತ್ರವಾದರೂ ಸತ್ಯ.

ಹರಕೆಯ ಆಟದ ಲೆಕ್ಕ

ಇದರ ಮರ್ಮವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂದಾರ್ತಿಯ ಮೇಳವೋ ಮಾರಣಕಟ್ಟೆಯ ಮೇಳವೋ ಬಯಲಿನಲ್ಲಿ ಹರಕೆಯ ಆಟ ಆಡುವಾಗ ಬಂದು ಕೂತವರಿಗೆ ಟಿಕೆಟ್ಟಿಲ್ಲ. ಹಾಗೆಂದು ಆಟ ಪುಕ್ಕಟೆಯಾಗಿ ಆಯಿತೇ? ಹರಕೆ ಹೊತ್ತ ಮನೆಯವರು ಅದರ ವೆಚ್ಚವನ್ನು ಹೊತ್ತಿರುತ್ತಾರೆ. ಡೇರೆಯ ಮೇಳದಲ್ಲಿ ನೋಡುವವನೇ ಕೊಡುತ್ತಾನೆ. ಬಯಲಾಟದಲ್ಲಿ ಒಬ್ಬರು ಕೊಟ್ಟದ್ದು ಊರಿಗೆಲ್ಲ ಒದಗುತ್ತದೆ. ಗ್ರಂಥಾಲಯದ ‘ಉಚಿತ’ವೂ ಈ ಎರಡನೆಯ ಬಗೆಯದು. ಅಲ್ಲಿ ಹರಕೆ ಹೊತ್ತವರು ಯಾರು ಎಂದರೆ ತೆರಿಗೆ ಕಟ್ಟುವ ಜನರೇ.

1965ರಲ್ಲಿ ಅಂದಿನ ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. ಮನೆ ಕಟ್ಟಡಗಳ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವನ್ನು ವಿಧಿಸುವ ಏರ್ಪಾಡು ಅದರಲ್ಲಿ ಇದೆ. ಮನೆ ತೆರಿಗೆಯ ರಶೀದಿಯನ್ನು ಕಣ್ಣಿಟ್ಟು ನೋಡಿದವರಿಗೆ ಆ ಸಾಲು ಕಾಣುತ್ತದೆ. ಎಷ್ಟೋ ಮಂದಿ ಅದನ್ನು ಕಟ್ಟುತ್ತಾರೆ. ಅದರಿಂದ ಬರುವ ಹಕ್ಕನ್ನು ಮಾತ್ರ ಮರೆತಿರುತ್ತಾರೆ. ಗ್ರಂಥಾಲಯದ ಮೆಟ್ಟಿಲು ಹತ್ತುವವರು ಯಾರ ದಯೆಯನ್ನೂ ಬೇಡಲು ಹೋಗುವುದಿಲ್ಲ, ತಾವು ಕೊಟ್ಟದ್ದನ್ನೇ ಪಡೆಯಲು ಹೋಗುತ್ತಾರೆ.

ಕಿರಿಮಂಜೇಶ್ವರದ ಸೀಮೆಗೆ ಈ ವಿಷಯದಲ್ಲಿ ಇನ್ನೂ ಹಳೆಯ ಪರಂಪರೆಯಿದೆ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತಷ್ಟೆ. ಸ್ವತಂತ್ರ ಭಾರತದಲ್ಲಿ ಎಲ್ಲಕ್ಕಿಂತ ಮೊದಲು, 1948ರಲ್ಲಿ, ಗ್ರಂಥಾಲಯ ಕಾಯಿದೆಯನ್ನು ಮಾಡಿದ್ದು ಮದರಾಸು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿ ಅವರು ವೃತ್ತಿಯನ್ನು ಆರಂಭಿಸಿದ್ದು 1917ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಕಡೆಯ ವರ್ಷಗಳನ್ನು ಕಳೆದು 1972ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳನ್ನು ಜಗತ್ತಿನ ಗ್ರಂಥಪಾಲರೆಲ್ಲರೂ ಬಲ್ಲರು. ಪುಸ್ತಕ ಇರುವುದು ಬಳಸುವುದಕ್ಕೆ. ಓದುವವನಿಗೆಲ್ಲ ಅವನವನಿಗೆ ತಕ್ಕ ಪುಸ್ತಕ ದೊರೆಯಬೇಕು. ಪುಸ್ತಕಕ್ಕೆಲ್ಲ ಅದರದರ ಓದುಗ ಸಿಗಬೇಕು. ಓದುವವನ ಹೊತ್ತು ಹಾಳಾಗಬಾರದು. ಗ್ರಂಥಾಲಯ ಬೆಳೆಯುವ ಜೀವ — ಇದು ಅವುಗಳ ಸಾರ. ಈ ಸೂತ್ರಗಳಲ್ಲಿ ಪುಸ್ತಕವಿದ್ದ ಕಡೆ ಚಲಚ್ಚಿತ್ರವನ್ನು ಇಟ್ಟು ನೋಡಿದರೆ ಒಂದೂ ತಪ್ಪುವುದಿಲ್ಲ. ನಾಲ್ಕನೆಯದಂತೂ ಇರುಳಿಡೀ ಮೊಬೈಲು ತೀಡುವವರಿಗಾಗಿಯೇ ಹೇಳಿದಂತಿದೆ.

ಇದ್ದದ್ದು ಮತ್ತು ಇಲ್ಲದ್ದು

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ಮಕ್ಕಳನ್ನು ಓದಿಗೆ ಎಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು; ಬಳಿಕ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು. ಹಲವೆಡೆ ಕಂಪ್ಯೂಟರು, ಟೀವಿ, ಅಂತರಜಾಲಗಳು ಬಂದಿವೆ. ಅದೇ 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ರಾಜ್ಯದ ಡಿಜಿಟಲ್ ಗ್ರಂಥಾಲಯವನ್ನು ತೆರೆದು, ಪುಸ್ತಕಗಳನ್ನೂ ಪಾಠಕ್ಕೆ ನೆರವಾಗುವ ದೃಶ್ಯಗಳನ್ನೂ ಜನರ ಮೊಬೈಲಿಗೆ ತಲುಪಿಸಹೊರಟಿತು.

ಅಂದಮೇಲೆ ಕೋಣೆಯಿದೆ, ತೆರೆಯಿದೆ, ತಂತಿಯಿದೆ, ನೋಡಿಕೊಳ್ಳುವ ಮೇಲ್ವಿಚಾರಕರಿದ್ದಾರೆ. ಇಲ್ಲದಿರುವುದು ಒಂದೇ: ಕನ್ನಡದ ಒಳ್ಳೆಯ ಚಲಚ್ಚಿತ್ರವೂ ಗ್ರಂಥಾಲಯದ ಸ್ವತ್ತು ಎಂಬ ಭಾವನೆ. ಪುಸ್ತಕವೆಂದರೆ ಜ್ಞಾನ, ಸಿನಿಮಾ ಎಂದರೆ ಹೊತ್ತು ಕಳೆಯುವ ಗೀಳು ಎಂಬ ಹಳೆಯ ಭೇದವು ಹಿರಿಯರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಆದರೆ ಕನ್ನಡದಲ್ಲಿ ಈ ಭೇದ ನಿಲ್ಲುವಂತೆಯೇ ಇಲ್ಲ. ಕನ್ನಡದ ಒಳ್ಳೆಯ ಚಿತ್ರಗಳಲ್ಲಿ ಬಹುಪಾಲು ಹುಟ್ಟಿದ್ದು ಪುಸ್ತಕದ ಹೊಟ್ಟೆಯಲ್ಲಿ. ತಾಯಿ ಕಪಾಟಿನಲ್ಲಿದ್ದಾಳೆ, ಮಗಳು ಎಲ್ಲಿದ್ದಾಳೆಂದು ಹೇಳುವವರಿಲ್ಲ.

ಕಪಾಟಿನಿಂದ ತೆರೆಗೆ

ಕಿರಿಮಂಜೇಶ್ವರದಂಥ ಊರಿನ ಗ್ರಂಥಾಲಯದಲ್ಲಿ ಇಂಥ ಒಂದು ಪಟ್ಟಿ ಸಿದ್ಧವಾದರೆ ಅದು ಹೇಗಿದ್ದೀತು? ದೂರ ಹುಡುಕುವ ಅಗತ್ಯವಿಲ್ಲ.

ಮೊದಲ ಹೆಸರು ‘ಚೋಮನ ದುಡಿ’. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಕಾದಂಬರಿಯನ್ನು ಪ್ರಕಟಿಸಿದ್ದು 1933ರಲ್ಲಿ. ಅದಕ್ಕೆ ಮೊದಲೇ ಅವರು ಮೂಕಚಿತ್ರದಲ್ಲಿ ಕೈಯಾಡಿಸಿದ್ದರು. ಅಸ್ಪೃಶ್ಯತೆಯನ್ನು ಕುರಿತ ‘ಡೊಮಿಂಗೊ’ ಅವರದೇ. ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ 1975ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಚೋಮನಾದ ವಾಸುದೇವರಾಯರಿಗೆ ರಾಷ್ಟ್ರದ ಶ್ರೇಷ್ಠ ನಟರೆಂಬ ಗೌರವ ದೊರೆಯಿತು. ಉಳಲು ತನ್ನದೆಂಬ ತುಂಡು ನೆಲ ಬೇಕೆಂದು ಜೀವವಿಡೀ ಹಂಬಲಿಸಿದ ಮುದುಕನ ಕಥೆಯಿದು. ಕಾದಂಬರಿಯನ್ನು ಓದಿ ಮುಗಿಸಿದವರಿಗೆ ಆ ದುಡಿಯ ಸದ್ದು ಊಹೆಯಲ್ಲಿ ಮಾತ್ರ ಇರುತ್ತದೆ. ಚಿತ್ರವು ಅದನ್ನು ಕಿವಿಗೆ ತರುತ್ತದೆ. ಪರೀಕ್ಷೆಗಾಗಿ ಕಾದಂಬರಿ ಓದುವ ಕಾಲೇಜಿನ ಹುಡುಗರಿಗೆ ಇದನ್ನು ಹೇಳಲೇಬೇಕು. ಕಾರಂತರದೇ ‘ಬೆಟ್ಟದ ಜೀವ’ 2011ರಲ್ಲಿ, ‘ಮೂಕಜ್ಜಿಯ ಕನಸುಗಳು’ 2019ರಲ್ಲಿ ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ತೆರೆಗೆ ಬಂದಿವೆ. ಕಣ್ಣು ಮಂಜಾಗಿ ಓದು ಬಿಟ್ಟ ಹಿರಿಯರಿಗೆ ಇವೆರಡೂ ಒಪ್ಪುತ್ತವೆ.

ಎರಡನೆಯದು ಹೆಣ್ಣುಮಕ್ಕಳಿಗಾಗಿ. ಕುಂದಾಪುರದವರೇ ಆದ ವೈದೇಹಿಯವರ ಕಥೆಗಳಿಂದ ಚಂಪಾ ಶೆಟ್ಟಿಯವರು 2018ರಲ್ಲಿ ‘ಅಮ್ಮಚ್ಚಿ ಎಂಬ ನೆನಪು’ ಚಿತ್ರವನ್ನು ಮಾಡಿದರು. ಅದರ ಮಾತು ಕುಂದಾಪುರದ ಮನೆಗಳ ಒಳಕೋಣೆಯ ಮಾತು. ಪೇಟೆಯ ಕನ್ನಡವೇ ಸಿನಿಮಾದ ಕನ್ನಡವೆಂದು ನಂಬಿರುವ ಹುಡುಗಿಗೆ ತನ್ನ ಅಮ್ಮಮ್ಮನ ನುಡಿಯನ್ನು ತೆರೆಯ ಮೇಲೆ ಕೇಳಿದಾಗ ಆಗುವ ಸಂತೋಷ ಸಣ್ಣದಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ‘ಫಣಿಯಮ್ಮ’, ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1967ರಲ್ಲಿ ಮಾಡಿದ ‘ಬೆಳ್ಳಿಮೋಡ’ — ಇವೂ ಅದೇ ಸಾಲಿಗೆ ಸೇರುತ್ತವೆ.

ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವರೂ ಅವರನ್ನು ಅಲೆಸುವವರೂ ಒಟ್ಟಿಗೆ ಕುಳಿತು ನೋಡತಕ್ಕದ್ದು ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1986ರಲ್ಲಿ ಚಿತ್ರವಾಗಿಸಿದರು. ಸಾಗರದಾಚೆ ಮಕ್ಕಳಿರುವ ತಂದೆತಾಯಿಗಳಿಗೆ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕ! ಅಮೆರಿಕ!!’ ಒಪ್ಪುತ್ತದೆ. ಅದರಲ್ಲಿ ಹಾಡಾಗಿರುವ ಒಂದು ಕವಿತೆ ಗೋಪಾಲಕೃಷ್ಣ ಅಡಿಗರದು. ಅಡಿಗರು 1918ರಲ್ಲಿ ಹುಟ್ಟಿದ ಮೊಗೇರಿ ಇದೇ ಸೀಮೆಯದು. ಹಾಡು ಬಾಯಿಗೆ ಬಂದವರಲ್ಲಿ ಎಷ್ಟು ಮಂದಿಗೆ ಅದು ನೆರೆಯ ಮೊಗೇರಿಯವರದೆಂದು ಗೊತ್ತು? ಗ್ರಂಥಪಾಲರು ಚಿತ್ರದ ಹೆಸರನ್ನು ಹೇಳಿ, ಹಿಂದೆಯೇ ಅಡಿಗರ ಕವನ ಸಂಗ್ರಹವನ್ನು ಕೈಗಿತ್ತರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲು ತೆರೆಯುತ್ತದೆ. ಮಕ್ಕಳಿಗಾದರೆ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗಾಭರಣರು 1994ರಲ್ಲಿ ಮಾಡಿದ ‘ಕೊಟ್ರೇಶಿ ಕನಸು’. ಓದಬೇಕೆಂದು ಹಂಬಲಿಸುವ ಬಡ ಹುಡುಗನ ಕಥೆಯನ್ನು ಗ್ರಂಥಾಲಯವಲ್ಲದೆ ಇನ್ನಾರು ಹೇಳಬೇಕು?

ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕಾದದ್ದು ‘ಗುಲಾಬಿ ಟಾಕೀಸ್’. ಇದೂ ವೈದೇಹಿಯವರ ಕಥೆಯೇ. ಕಾಸರವಳ್ಳಿಯವರು 2008ರಲ್ಲಿ ಇದನ್ನು ಚಿತ್ರವಾಗಿಸುವಾಗ 1990ರ ದಶಕದ ಕೊನೆಯ ಕಾಲಕ್ಕೆ, ಕುಂದಾಪುರದ ಮೀನುಗಾರರ ನಡುವೆ ಅದನ್ನು ನೆಲೆಗೊಳಿಸಿದರು. ಗುಲಾಬಿ ಬಡ ಸೂಲಗಿತ್ತಿ, ಮುಸಲ್ಮಾನ ಹೆಂಗಸು, ಗಂಡನಿಂದ ದೂರವಾದವಳು. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಹೆರಿಗೆಯೊಂದಕ್ಕೆ ನೆರವಾದುದರ ಫಲವಾಗಿ ಅವಳ ಗುಡಿಸಲಿಗೆ ಬಣ್ಣದ ಟೀವಿಯೂ ಡಿಷ್ ಆಂಟೆನಾವೂ ಬರುತ್ತವೆ. ಅದುವರೆಗೆ ಅವಳ ಹೊಸಿಲು ತುಳಿಯದಿದ್ದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ನೋಡುತ್ತ ನೋಡುತ್ತ ಮನಸ್ಸಿನ ಗಂಟುಗಳನ್ನು ಬಿಚ್ಚಿಡುತ್ತಾರೆ. ಆದರೆ ಕಡಲಿನಲ್ಲಿ ಮೀನಿನ ಪೈಪೋಟಿ ಮತದ ಜಗಳವಾಗಿ ಊರಿಗೆ ಹೊತ್ತಿದಾಗ ಆ ಗುಡಿಸಲೇ ಮೊದಲು ಬಲಿಯಾಗುತ್ತದೆ. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಡಲತೀರದ ಜನರ ಬಾಳನ್ನು ಇಷ್ಟು ಹತ್ತಿರದಿಂದ ಕಂಡ ಚಿತ್ರವನ್ನು ಕಡಲತೀರದಲ್ಲಿಯೇ ಎಷ್ಟು ಮಂದಿ ನೋಡಿದ್ದಾರೆ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಘಟ್ಟದ ಮೇಲಿನ ಸಾಕ್ಷಿ

ಇಂಥ ಚಿತ್ರಗಳು ಹಳ್ಳಿಯವರಿಗೆ ಹಿಡಿಸುವುದಿಲ್ಲ, ಪ್ರಶಸ್ತಿಯ ಚಿತ್ರವೆಂದರೆ ತೂಕಡಿಕೆಯ ಚಿತ್ರ ಎಂಬ ಮಾತನ್ನು ಅಲ್ಲಲ್ಲಿ ಕೇಳುವುದುಂಟು. ಅದಕ್ಕೆ ಉತ್ತರ ಕೊಲ್ಲೂರಿನ ಘಟ್ಟವನ್ನು ಹತ್ತಿದರೆ, ಆಚೆಯ ಸಾಗರ ತಾಲ್ಲೂಕಿನಲ್ಲಿ ಸಿಗುತ್ತದೆ. ಅಡಕೆ ತೋಟಗಳ ನಡುವಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಿಂದ, ಪಿ.ಕೆ. ನಾಯರ್ ಅವರ ನೆರವಿನಿಂದ, ರೀಲಿನ ಡಬ್ಬಿಗಳು ಆ ಹಳ್ಳಿಗೆ ಬಂದವು. ಸತೀಶ್ ಬಹಾದ್ದೂರ್ ಅವರಂಥ ಅಧ್ಯಾಪಕರು ಬಂದು ಚಿತ್ರವನ್ನು ನೋಡುವ ಬಗೆಯನ್ನು ಕಲಿಸಿದರು. ರೈತರೂ ಗೃಹಿಣಿಯರೂ ಸತ್ಯಜಿತ್ ರಾಯ್ ಅವರ ಚಿತ್ರವನ್ನೂ ಜಪಾನಿನ ಚಿತ್ರವನ್ನೂ ಕುಳಿತು ನೋಡಿದರು, ನೋಡಿ ಚರ್ಚಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತಿಗೆ ಈ ವಿಷಯ ತಿಳಿಯಿತು. ಹೆಗ್ಗೋಡಿಗೆ ಅದು ಮೊದಲೇ ಗೊತ್ತಿತ್ತು.

ಅಲ್ಲಿ ಗೆದ್ದದ್ದು ಚಿತ್ರ ಮಾತ್ರವಲ್ಲ. ಚಿತ್ರಕ್ಕೆ ಮೊದಲು ಆಡಿದ ನಾಲ್ಕು ಮಾತು, ಚಿತ್ರ ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆ. ಒಳ್ಳೆಯ ಚಿತ್ರವನ್ನು ಒಬ್ಬರ ಮುಂದೆ ಸುಮ್ಮನೆ ಎಸೆದರೆ ಅದು ಬೇಸರ ತರಬಹುದು. ಕೈಹಿಡಿದು ಒಳಗೆ ಕರೆದೊಯ್ಯುವವರಿದ್ದರೆ ಮನೆಯಂತೆ ತೋರುತ್ತದೆ.

ಕಾಯಿದೆಯ ಕಟ್ಟು

ಉತ್ಸಾಹದ ಭರದಲ್ಲಿ ಕಾಯಿದೆಯನ್ನು ಮರೆಯತಕ್ಕದ್ದಲ್ಲ. ಅಂತರಜಾಲದಲ್ಲಿ ಯಾರೋ ಕದ್ದು ಹಾಕಿದ ಚಿತ್ರವನ್ನು ಗ್ರಂಥಾಲಯದ ಗೋಡೆಯ ಮೇಲೆ ತೋರಿಸುವುದು ಕಪಾಟಿಗೆ ಕಳವಿನ ಪುಸ್ತಕ ತಂದಿಟ್ಟಂತೆ. ಆದರೆ ಕಾಯಿದೆಯೊಳಗೇ ದಾರಿಗಳಿವೆ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲಚ್ಚಿತ್ರದ ಹಕ್ಕು ಇರುವುದು, ಅದು ಹೊರಬಂದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ ‘ಬೇಡರ ಕಣ್ಣಪ್ಪ’, 1958ರ ‘ಸ್ಕೂಲ್ ಮಾಸ್ಟರ್’, 1964ರ ‘ನಾಂದಿ’ ಮೊದಲಾದ ಚಿತ್ರಗಳ ಅವಧಿ ಮುಗಿದಿದೆ. ಅವುಗಳೊಳಗಿನ ಕಥೆ, ಹಾಡುಗಳಿಗೆ ಬೇರೆ ಹಕ್ಕು ಉಳಿದಿರಬಹುದಾದ್ದರಿಂದ ತಿಳಿದವರನ್ನು ಕೇಳಿಕೊಂಡೇ ಮುಂದುವರಿಯಬೇಕು. ಇನ್ನೊಂದು ದಾರಿ ಶಾಲೆಯದು. ಶಿಕ್ಷಣ ಸಂಸ್ಥೆಯು ತನ್ನ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಕ್ಕಳ ತಂದೆತಾಯಿ ಪೋಷಕರಿಗೂ ಚಿತ್ರ ತೋರಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು ಅದೇ ಕಾಯಿದೆ ಹೇಳುತ್ತದೆ. ಗ್ರಂಥಪಾಲರು ಚಿತ್ರವನ್ನು ಆರಿಸಿಕೊಟ್ಟು, ಶಾಲೆಯವರು ತೋರಿಸಿದರೆ ಕೆಲಸ ಸುಸೂತ್ರ. ಮೂರನೆಯದು ಎಲ್ಲಕ್ಕಿಂತ ಸುಲಭವಾದದ್ದು: ಹಕ್ಕುಳ್ಳವರೇ ಉಚಿತವಾಗಿ ತೆರೆದಿಟ್ಟಿರುವ ಚಿತ್ರಗಳ ಹೆಸರನ್ನು ಬರೆದು ಸೂಚನಾಫಲಕಕ್ಕೆ ಅಂಟಿಸುವುದು. ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ತನ್ನದೇ ವೇದಿಕೆಯನ್ನು ತೆರೆದಿದೆ. ಇಂಥಲ್ಲಿ ಇಂಥದು ಸಿಗುತ್ತದೆ ಎಂದು ಹೇಳುವುದಕ್ಕೆ ಯಾವ ಪರವಾನಗಿಯೂ ಬೇಕಾಗಿಲ್ಲ. ಓದುಗರು ತಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಾರೆ.

ನಾಲ್ಕನೆಯ ದಾರಿ ಸರ್ಕಾರದ್ದು. ಕನ್ನಡದ ಪ್ರಶಸ್ತಿ ಚಿತ್ರಗಳ ಹಕ್ಕನ್ನು ನಿರ್ಮಾಪಕರಿಂದ ನ್ಯಾಯವಾದ ಬೆಲೆಗೆ ಒಮ್ಮೆಗೇ ಪಡೆದು, ಡಿಜಿಟಲ್ ಗ್ರಂಥಾಲಯದ ಮೂಲಕ ರಾಜ್ಯದ ಎಲ್ಲ ಗ್ರಂಥಾಲಯಗಳಿಗೂ ಕೊಟ್ಟರೆ ನ್ಯೂಯಾರ್ಕಿಗೆ ಒದಗಿದ ತೊಡಕು ಇಲ್ಲಿ ಒದಗುವುದಿಲ್ಲ. ನೋಡಿದಷ್ಟಕ್ಕೂ ತೆರುವ ಬದಲು, ಪುಸ್ತಕ ಕೊಂಡಂತೆ ಚಿತ್ರವನ್ನು ಕೊಂಡಂತಾಗುತ್ತದೆ. ಬಿಡುಗಡೆಗೆ ಚಿತ್ರಮಂದಿರ ಸಿಗದೆ ಸೊರಗಿದ ನಿರ್ಮಾಪಕರಿಗೂ ಅದರಿಂದ ನಾಲ್ಕು ಕಾಸು ಸಿಕ್ಕೀತು.

ಕೇಳುವವರಿಲ್ಲದ ಚಿತ್ರ

ಇದನ್ನೆಲ್ಲ ಈಗಲೇ ಏಕೆ ಮಾಡಬೇಕು ಎಂದು ಕೇಳುವವರು ಕನ್ನಡದ ಮೊದಲ ವಾಕ್ಚಿತ್ರವನ್ನು ನೆನೆಯಬೇಕು. 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಕೇಳುವವರಿಲ್ಲದ ಪುಸ್ತಕಕ್ಕೆ ಗೆದ್ದಲು ಹಿಡಿಯಲು ಕಾಲ ಬೇಕು; ಕೇಳುವವರಿಲ್ಲದ ಚಿತ್ರ ಅದಕ್ಕಿಂತ ಬೇಗ ಅಳಿಯುತ್ತದೆ. ಅನಂತಮೂರ್ತಿಯವರ ಕಥೆಯಿಂದ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ಕ್ಕೆ ಅದೃಷ್ಟವಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮೊದಲಾದವರ ಶ್ರಮದಿಂದ ಅದಕ್ಕೆ ಹೊಸ ಜೀವ ಬಂದು, 2024ರಲ್ಲಿ ದೂರದ ವೆನಿಸ್ಸಿನ ಉತ್ಸವದಲ್ಲಿ ಜನ ಅದನ್ನು ನೋಡಿದರು. ವೆನಿಸ್ಸಿನವರು ನೋಡಿದ್ದು ಹೆಮ್ಮೆಯ ಸಂಗತಿ; ತೀರ್ಥಹಳ್ಳಿಯವರಿಗೂ ಕಿರಿಮಂಜೇಶ್ವರದವರಿಗೂ ಅದು ದಕ್ಕಿದರೆ ಹೆಮ್ಮೆ ಪೂರ್ಣವಾದೀತು. 1980ರ ದಶಕದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ದೇಶಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಮನೆಮನೆಗೆ ತಲುಪಿಸುತ್ತಿತ್ತು. ಆ ಪದ್ಧತಿ ನಿಂತ ಮೇಲೆ ಹುಟ್ಟಿದ ಮಕ್ಕಳು ಈ ಚಿತ್ರಗಳ ಹೆಸರನ್ನು ಸಾಮಾನ್ಯ ಜ್ಞಾನದ ಪರೀಕ್ಷೆಗಾಗಿ ಮಾತ್ರ ಬಾಯಿಪಾಠ ಮಾಡಿದ್ದಾರೆ.

ಗ್ರಂಥಾಲಯದ ಮೇಲ್ವಿಚಾರಕರ ಕಷ್ಟವನ್ನೂ ಇಲ್ಲಿ ಹೇಳಬೇಕು. ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಅಲ್ಪ ಗೌರವಧನದಲ್ಲಿ ದುಡಿದವರು. ಪತ್ರಿಕೆ ಜೋಡಿಸುವುದರಿಂದ ಹಿಡಿದು ಕಸ ಗುಡಿಸುವವರೆಗೆ ಎಲ್ಲವೂ ಅವರದೇ. ಅವರ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಹೊರಿಸಿ ಹಾರ ಹಾಕಿದರೆ ಸಾಲದು. ಚಿತ್ರ ನೋಡಲು ಅವರಿಗೆ ಬಿಡುವು ಬೇಕು, ನೋಡುವುದನ್ನು ಕಲಿಸುವ ಶಿಬಿರ ಬೇಕು, ಕೆಲಸಕ್ಕೆ ತಕ್ಕ ಸಂಬಳ ಬೇಕು. ಒಂದು ಚಿತ್ರವನ್ನು ಸ್ವತಃ ನೋಡಿ ಮೆಚ್ಚದವರು ಇನ್ನೊಬ್ಬರಿಗೆ ಅದನ್ನು ಹೇಳಲಾರರು. ಹೇಳಿದರೂ ಆ ಮಾತಿನಲ್ಲಿ ಜೀವವಿರದು.

ಗುಲಾಬಿಯ ಗುಡಿಸಲಿನಲ್ಲಿ ಹೆಂಗಸರು ಸೇರಿದ್ದು ಬಹಳ ದಿನ ನಡೆಯಲಿಲ್ಲ. ಅದು ಒಬ್ಬ ಒಂಟಿ ಹೆಂಗಸಿನ ಮನೆ. ಊರು ಮುನಿದ ದಿನ ಅದನ್ನು ಕಾಯುವವರಿರಲಿಲ್ಲ. ಗ್ರಂಥಾಲಯದ ಕೋಣೆ ಹಾಗಲ್ಲ. ಅದು ಯಾವ ಜಾತಿಯದೂ ಅಲ್ಲ, ಯಾವ ಮತದ್ದೂ ಅಲ್ಲ. ರಶೀದಿಯ ಆ ಸಣ್ಣ ಸಾಲಿನ ಮೂಲಕ ಎಲ್ಲರೂ ಕಟ್ಟಿಸಿದ್ದು. ಮೀನು ಮಾರಿ ಬಂದವಳೂ ಮಾಸ್ತರರೂ ಹೈಸ್ಕೂಲಿನ ಹುಡುಗಿಯೂ ಒಂದೇ ತೆರೆಯ ಮುಂದೆ ಹೆದರಿಕೆಯಿಲ್ಲದೆ ಕೂರಬಹುದಾದ ಜಾಗ ಊರಿನಲ್ಲಿ ಎಷ್ಟಿವೆ? ಇರುವ ಒಂದನ್ನು ಸಂಜೆ ಬೀಗ ಹಾಕಿ ಮುಚ್ಚುವುದು ಜಾಣತನವಲ್ಲ.

ತಿಂಗಳಿಗೊಂದು ಚಿತ್ರ, ಅದರ ಜೊತೆಗೆ ಕಪಾಟಿನಿಂದ ತೆಗೆದ ಒಂದು ಪುಸ್ತಕ, ಅವೆರಡನ್ನೂ ಬಲ್ಲ ಒಬ್ಬರ ಎರಡು ಮಾತು — ಆರಂಭಕ್ಕೆ ಇಷ್ಟು ಸಾಕು. ಇದಕ್ಕೆ ದೊಡ್ಡ ಯೋಜನೆಯನ್ನು ಕಾಯಬೇಕಾಗಿಲ್ಲ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದವರು ಪುಸ್ತಕ ಹಿಂದಿರುಗಿಸುವಾಗ ಒಂದು ಪ್ರಶ್ನೆ ಕೇಳಿದರಾಯಿತು: ಇದು ಸಿನಿಮಾ ಆಗಿದೆಯೇ, ಎಲ್ಲಿ ನೋಡಬಹುದು? ಕೇಳುವವರು ಹತ್ತು ಮಂದಿಯಾದರೆ ಉತ್ತರ ಹುಡುಕುವವರೂ ಒಬ್ಬರು ಹುಟ್ಟಿಕೊಳ್ಳುತ್ತಾರೆ.